ಮಕ್ಕಳ ತೋಟಕ್ಕೆ ಹೆಸರಿಟ್ಟವನು: ಫ್ರೀಡ್ರಿಖ್ ಫ್ರೋಬೆಲ್

ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಂಗಾರಗೊಳ್ಳುವುದು ಚಿಕ್ಕ ಮಕ್ಕಳ ಕೋಣೆ. ಗೋಡೆಗೆ ಸುಣ್ಣ ಬಳಿದು ಬಣ್ಣದ ಕಾಗದದ ಹೂಗಳನ್ನು ಅಂಟಿಸುತ್ತಾರೆ. ಮರದ ತುಂಡುಗಳ ಪೆಟ್ಟಿಗೆಯ ಧೂಳು ಒರೆಸಿ ಮಕ್ಕಳ ಕೈಗೆ ಎಟಕುವ ಗೂಡಿನಲ್ಲಿ ಇಡುತ್ತಾರೆ. ಬಾಗಿಲ ಮೇಲೆ ಬಾಲವಾಡಿ ಎಂದೋ ಕೆ.ಜಿ. ಎಂದೋ ಬರೆದ ಹಲಗೆ ತೂಗುತ್ತದೆ. ಕೆ.ಜಿ. ಎಂಬ ಎರಡು ಅಕ್ಷರಗಳು ಮನೆಮಾತಾಗಿವೆ. ಆದರೆ ಅವು ಜರ್ಮನ್ ಭಾಷೆಯ ಕಿಂಡರ್‌ಗಾರ್ಟನ್ ಎಂಬ ಪದದ ಕುರುಹೆಂಬುದೂ, ಆ ಪದಕ್ಕೆ ಮಕ್ಕಳ ತೋಟ ಎಂದು ಅರ್ಥವೆಂಬುದೂ, ಅದನ್ನು ಕಟ್ಟಿದವನು ತನ್ನ ಕೊನೆಯ ದಿನಗಳಲ್ಲಿ ಆ ಹೆಸರಿಗಾಗಿಯೇ ಸರಕಾರದ ನಿಷೇಧವನ್ನು ಎದುರಿಸಬೇಕಾಯಿತೆಂಬುದೂ ಅಷ್ಟಾಗಿ ನೆನಪಾಗುವುದಿಲ್ಲ. ಚಿಕ್ಕ ಮಕ್ಕಳಿಗಾಗಿ ಒಂದು ಕೋಣೆಯನ್ನು ಅಣಿಗೊಳಿಸುವುದು ಕೇವಲ ಅಲಂಕಾರವಲ್ಲ, ಅದು ಮಗುವಿನ ಬಗೆಗಿನ ನಮ್ಮ ತಿಳಿವಳಿಕೆಯ ಹೊರರೂಪ ಎಂದು ಮೊದಲು ಕಂಡುಕೊಂಡವರಲ್ಲಿ ಫ್ರೀಡ್ರಿಖ್ ಫ್ರೋಬೆಲ್ ಪ್ರಮುಖನು. ಅವನ ಬಾಳಿನ ಕಥೆ ಆ ತಿಳಿವಳಿಕೆಗೆ ತೆತ್ತ ಬೆಲೆಯ ಕಥೆಯೂ ಆಗಿದೆ.

ಫ್ರೋಬೆಲ್ 1782ರ ಏಪ್ರಿಲ್ 21ರಂದು ಜರ್ಮನಿಯ ಥುರಿಂಗಿಯಾ ಸೀಮೆಯ ಓಬರ್‌ವೈಸ್‌ಬಾಖ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಲೂಥರನ್ ಪಂಥದ ಪಾದ್ರಿ. ಹಲವು ಹಳ್ಳಿಗಳ ಹೊಣೆ ಹೊತ್ತ ಅವನಿಗೆ ಮನೆಯ ಕಡೆ ಗಮನ ಕೊಡಲು ಬಿಡುವಿರಲಿಲ್ಲ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಕೆಲವು ವರ್ಷಗಳ ಮೇಲೆ ಮಲತಾಯಿ ಬಂದಳು. ಮೊದಮೊದಲು ಆಕೆ ಪ್ರೀತಿಯಿಂದಲೇ ನೋಡಿಕೊಂಡಳು. ತನಗೊಂದು ಗಂಡುಮಗುವಾದ ಮೇಲೆ ಈ ಹುಡುಗ ಅವಳಿಗೆ ಹೊರಗಿನವನಾದನು. ಆಪ್ತರನ್ನು ಕರೆಯುವ ಏಕವಚನವನ್ನು ಬಿಟ್ಟು, ಎದುರಿಗಿದ್ದವನನ್ನೇ ದೂರದಲ್ಲಿರುವ ಯಾರನ್ನೋ ಕುರಿತು ಹೇಳುವಂತೆ ಮಾತಾಡಿಸತೊಡಗಿದಳು. ಒಂದು ಸರ್ವನಾಮದಲ್ಲಿ ಮನೆಯ ಬಾಗಿಲು ಮುಚ್ಚಿಕೊಂಡ ಆ ನೋವನ್ನು ಫ್ರೋಬೆಲ್ ಮುಪ್ಪಿನವರೆಗೂ ಮರೆಯಲಿಲ್ಲ.

ಮನೆಯೊಳಗೆ ಸಿಗದ ಆಸರೆಯನ್ನು ಅವನು ಮನೆಯ ಹಿಂದಿನ ತೋಟದಲ್ಲಿ ಹುಡುಕಿಕೊಂಡನು. ಚರ್ಚು, ಗೋಡೆ, ಬೇಲಿಗಳಿಂದ ಸುತ್ತುವರಿದ ಆ ಮನೆಯಿಂದ ದೂರದ ನೋಟ ಕಾಣುತ್ತಿರಲಿಲ್ಲ; ಮೇಲೆ ಆಕಾಶ, ಕೆಳಗೆ ಗಿಡಗಳು ಮಾತ್ರ ಅವನ ಪಾಲಿನವು. ಅಣ್ಣ ಕ್ರಿಸ್ಟೋಫ್ ರಜೆಯಲ್ಲಿ ಬಂದಾಗ ಹೇಜಲ್ ಗಿಡದ ಹೂವನ್ನು ತೋರಿಸಿ ಹೂವಿನಲ್ಲಿಯೂ ಗಂಡು ಹೆಣ್ಣೆಂಬುದುಂಟೆಂದು ವಿವರಿಸಿದನು. ಮನೆಯ ಕಲಹ, ಉಪದೇಶಗಳ ನಡುವೆ ಗೊಂದಲಗೊಂಡಿದ್ದ ಹುಡುಗನಿಗೆ, ಗಿಡದಲ್ಲಿ ಕಾಣುವ ನಿಯಮವೇ ಮನುಷ್ಯನ ಬಾಳಿನಲ್ಲಿಯೂ ಇದೆಯೆಂಬ ಸಮಾಧಾನ ಅಂದು ಸಿಕ್ಕಿತು. ಮುಂದೆ ಅವನು ಮಕ್ಕಳಿಗಾಗಿ ಏನನ್ನು ಕಟ್ಟಿದರೂ ಅದರಲ್ಲಿ ಒಂದು ತೋಟವಿರಲೇಬೇಕೆಂದು ಹಟ ಹಿಡಿದುದಕ್ಕೆ ಬೇರು ಇಲ್ಲಿದೆ.

ಹತ್ತನೆಯ ವಯಸ್ಸಿನಲ್ಲಿ ಸೋದರಮಾವ ಅವನನ್ನು ಷ್ಟಾಟ್‌ಇಲ್ಮ್ ಪಟ್ಟಣದ ತನ್ನ ಮನೆಗೆ ಕರೆದೊಯ್ದನು. ಓರಗೆಯ ಹುಡುಗರೊಡನೆ ಆಡುವ ಸುಖ ಅಲ್ಲಿ ಮೊದಲು ಸಿಕ್ಕಿತು. ಬಳಿಕ ಎರಡು ವರ್ಷ ಒಬ್ಬ ಅರಣ್ಯಾಧಿಕಾರಿಯ ಕೈಕೆಳಗೆ ಕೆಲಸ ಕಲಿತನು. ಯೇನಾ ವಿಶ್ವವಿದ್ಯಾಲಯವನ್ನು ಸೇರಿದನು. ಸಾಲ ತೀರಿಸಲಾಗದೆ ವಿಶ್ವವಿದ್ಯಾಲಯದ ಬಂದೀಖಾನೆಯಲ್ಲಿ ಒಂಬತ್ತು ವಾರ ಕಳೆದು, ಪಿತ್ರಾರ್ಜಿತದ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ ಹೊರಬಂದನು. ಆಮೇಲೆ ಭೂಮಾಪನ, ಗುಮಾಸ್ತಿಕೆ, ಜಮೀನ್ದಾರರ ಲೆಕ್ಕಪತ್ರ ಎಂದು ಯಾವುದರಲ್ಲಿಯೂ ನೆಲೆಗೊಳ್ಳದೆ ಅಲೆದನು. 1805ರಲ್ಲಿ ವಾಸ್ತುಶಿಲ್ಪವನ್ನು ಕಲಿಯಲೆಂದು ಫ್ರಾಂಕ್‌ಫರ್ಟ್ ನಗರಕ್ಕೆ ಬಂದವನನ್ನು ಗ್ರೂನರ್ ಎಂಬ ಮುಖ್ಯೋಪಾಧ್ಯಾಯನು ತನ್ನ ಶಾಲೆಯಲ್ಲಿ ಕಲಿಸಲು ಕರೆದನು. ಮೊದಲ ಬಾರಿಗೆ ಮಕ್ಕಳ ಮುಂದೆ ನಿಂತ ಇಪ್ಪತ್ತಮೂರರ ತರುಣನಿಗೆ ತಾನು ಇಷ್ಟು ದಿನ ಹುಡುಕುತ್ತಿದ್ದುದು ಇದನ್ನೇ ಎಂಬುದು ಕೂಡಲೇ ತಿಳಿಯಿತು. ಮನೆ ಕಟ್ಟಬೇಕೆಂದಿದ್ದವನು ಮನುಷ್ಯರನ್ನು ಕಟ್ಟುವ ಕೆಲಸಕ್ಕೆ ಬಂದನು.

ಗ್ರೂನರನ ಶಾಲೆ ಸ್ವಿಟ್ಜರ್ಲೆಂಡಿನ ಪೆಸ್ಟಾಲೊಝಿಯ ವಿಧಾನವನ್ನು ಅನುಸರಿಸುತ್ತಿತ್ತು. ಫ್ರೋಬೆಲ್ ಒಂದು ಶ್ರೀಮಂತ ಕುಟುಂಬದ ಮೂವರು ಹುಡುಗರಿಗೆ ಮನೆಯ ಉಪಾಧ್ಯಾಯನಾಗಿ, 1808ರಿಂದ 1810ರವರೆಗೆ ಅವರೊಡನೆ ಇವರ್ಡನ್ ಊರಿನಲ್ಲಿ ಪೆಸ್ಟಾಲೊಝಿಯ ಸನ್ನಿಧಿಯಲ್ಲಿದ್ದನು. ವಸ್ತುವನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಕಲಿಯಬೇಕೆಂಬುದನ್ನು ಅಲ್ಲಿ ಅರಿತನು. ಆದರೆ ನೋಡುವುದಷ್ಟೇ ಸಾಲದು, ಮಗು ತಾನೇ ಏನನ್ನಾದರೂ ಮಾಡಬೇಕು ಎಂಬ ಅತೃಪ್ತಿಯೂ ಅಲ್ಲಿಯೇ ಮೊಳೆಯಿತು.

ಬರ್ಲಿನ್ನಿನಲ್ಲಿ ಅವನು ವೈಸ್ ಎಂಬ ವಿದ್ವಾಂಸನ ಬಳಿ ಹರಳುಗಳ ಶಾಸ್ತ್ರವನ್ನು ಅಭ್ಯಾಸ ಮಾಡಿದನು. ಖನಿಜ ಸಂಗ್ರಹಾಲಯದ ಸಹಾಯಕನಾಗಿ, ಬೀಗ ಹಾಕಿದ ಮೌನದ ಕೋಣೆಯಲ್ಲಿ ಹರಳುಗಳನ್ನು ವಿಂಗಡಿಸುತ್ತ ದಿನಗಳನ್ನು ಕಳೆದನು. ಘನ, ಪಟ್ಟಕ, ಗೋಳಗಳು ಒಂದರಿಂದ ಇನ್ನೊಂದು ಹುಟ್ಟುವ ಬಗೆಯನ್ನು ಕಂಡು, ಮರದಲ್ಲಿ ಕೆಲಸ ಮಾಡುವ ನಿಯಮವೇ ಕಲ್ಲಿನಲ್ಲಿಯೂ ಮಗುವಿನಲ್ಲಿಯೂ ಕೆಲಸ ಮಾಡುತ್ತದೆಂದು ನಂಬಿದನು. ಇದರ ನಡುವೆ, 1813ರಲ್ಲಿ, ನೆಪೋಲಿಯನ್ನನ ವಿರುದ್ಧ ಸ್ವಯಂಸೇವಕ ದಳವನ್ನು ಸೇರಿದನು. ಅವನು ಯುದ್ಧದಿಂದ ತಂದುದು ಪದಕವಲ್ಲ, ಇಬ್ಬರು ಗೆಳೆಯರನ್ನು. ಮಿಡೆನ್‌ಡಾರ್ಫ್ ಮತ್ತು ಲಾಂಗೆಟಾಲ್ ಎಂಬ ಆ ಇಬ್ಬರು ಮುಂದೆ ಅವನ ಕೆಲಸದಲ್ಲಿ ಜತೆಯಾದರು.

ಅದೇ ವರ್ಷ, ಹೇಜಲ್ ಹೂವನ್ನು ತೋರಿಸಿದ್ದ ಅಣ್ಣ ಕ್ರಿಸ್ಟೋಫ್, ಗಾಯಾಳು ಸೈನಿಕರ ಆರೈಕೆ ಮಾಡುತ್ತ ಜ್ವರ ತಗುಲಿ ತೀರಿಕೊಂಡನು. ಅವನ ಮೂವರು ಗಂಡುಮಕ್ಕಳು ತಬ್ಬಲಿಗಳಾದರು. ಫ್ರೋಬೆಲ್ ಸಂಗ್ರಹಾಲಯದ ಕೆಲಸವನ್ನು ಬಿಟ್ಟನು. 1816ರಲ್ಲಿ ಗ್ರೀಸ್‌ಹೈಮ್ ಎಂಬ ಹಳ್ಳಿಯಲ್ಲಿ ಆ ಮೂವರನ್ನೂ ಇನ್ನೊಬ್ಬ ಅಣ್ಣನ ಇಬ್ಬರನ್ನೂ ಕೂರಿಸಿಕೊಂಡು ಶಾಲೆ ತೆರೆದನು. ಮರುವರ್ಷ ಶಾಲೆ ಕೈಲ್‌ಹೌ ಎಂಬ ಹಳ್ಳಿಗೆ ಸ್ಥಳಾಂತರಗೊಂಡಿತು. 1826ರಲ್ಲಿ ಮಾನವನ ಶಿಕ್ಷಣವನ್ನು ಕುರಿತ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದನು. ಆದರೆ ಆ ಕಾಲದ ಜರ್ಮನ್ ಪ್ರಭುತ್ವಗಳಿಗೆ ಸ್ವತಂತ್ರವಾಗಿ ಯೋಚಿಸುವ ಶಾಲೆಗಳ ಮೇಲೆ ಅನುಮಾನ. ತನಿಖೆಗೆ ಬಂದ ಅಧಿಕಾರಿ ಶಾಲೆಯನ್ನು ಮೆಚ್ಚಿ ವರದಿ ಬರೆದರೂ ಅಪವಾದ ಹೋಗಲಿಲ್ಲ. ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡರು. ದಶಕದ ಕೊನೆಗೆ ವಿದ್ಯಾರ್ಥಿಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಫ್ರೋಬೆಲ್ 1831ರಲ್ಲಿ ಸ್ವಿಟ್ಜರ್ಲೆಂಡಿಗೆ ಹೊರಟನು.

ಅಲ್ಲಿನ ಬುರ್ಗ್‌ಡಾರ್ಫ್ ಊರಿನ ಅನಾಥಾಲಯದ ಹೊಣೆ ಹೊತ್ತಾಗ ಅವನ ದೃಷ್ಟಿ ಇನ್ನೂ ಚಿಕ್ಕ ವಯಸ್ಸಿನ ಕಡೆಗೆ ತಿರುಗಿತು. ಶಾಲೆಗೆ ಬರುವ ಹೊತ್ತಿಗೆ ಮಗುವಿನ ಬಾಳಿನ ಅತಿ ಮುಖ್ಯವಾದ ವರ್ಷಗಳು ಕಳೆದುಹೋಗಿರುತ್ತವೆ. ಆ ವರ್ಷಗಳಲ್ಲಿ ಯಾರೂ ಅದರ ಕೈಗೆ ಏನನ್ನೂ ಕೊಟ್ಟಿರುವುದಿಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ಕಾಯುವ ಮನೆಗಳು ಜರ್ಮನಿಯಲ್ಲಿ ಆಗಲೇ ಇದ್ದವು. ಆದರೆ ಕಾಯುವುದು ಬೇರೆ, ಬೆಳೆಸುವುದು ಬೇರೆ. ದನ ತಪ್ಪಿಸಿಕೊಳ್ಳದಂತೆ ಕಾಯಬಹುದು. ಗಿಡಕ್ಕೆ ಕಾವಲಿನ ಜತೆಗೆ ಮಣ್ಣು, ನೀರು, ಬಿಸಿಲು ಬೇಕು. ಈ ಎಣಿಕೆಯೊಡನೆ, ಹೆಂಡತಿಯ ಅನಾರೋಗ್ಯದ ಚಿಂತೆಯನ್ನೂ ಹೊತ್ತು, ಅವನು ಥುರಿಂಗಿಯಾಕ್ಕೆ ಮರಳಿದನು. 1837ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕ ಮಕ್ಕಳ ಚಟುವಟಿಕೆಗಾಗಿ ಒಂದು ಸಂಸ್ಥೆಯನ್ನು ತೆರೆದನು. ಎರಡು ವರ್ಷಗಳಲ್ಲಿ ಹೆಂಡತಿ ತೀರಿಕೊಂಡಳು. ಅವರಿಗೆ ಮಕ್ಕಳಿರಲಿಲ್ಲ.

ಫ್ರೋಬೆಲ್ ಈ ವರ್ಷಗಳಲ್ಲಿ ಅಣಿಗೊಳಿಸಿದ ಕೋಣೆಯನ್ನು ವಿವರವಾಗಿ ನೋಡಬೇಕು. ಇಂದಿನ ಶಿಶುವರ್ಗದಲ್ಲಿ ಕಾಣುವ ಎಷ್ಟೋ ವಸ್ತುಗಳ ಮೂಲ ಅಲ್ಲಿದೆ. ಮಗುವಿಗೆ ಕ್ರಮವಾಗಿ ಕೊಡಬೇಕಾದ ಆಟದ ವಸ್ತುಗಳನ್ನು ಅವನು ಉಡುಗೊರೆಗಳೆಂದು ಕರೆದನು. ಮೊದಲನೆಯ ಉಡುಗೊರೆ ಉಣ್ಣೆಯ ಆರು ಮೆತ್ತನೆಯ ಚೆಂಡುಗಳು: ಕೆಂಪು, ಹಳದಿ, ನೀಲಿ, ಕಿತ್ತಳೆ, ಹಸಿರು, ನೇರಳೆ. ಅವಕ್ಕೆ ದಾರ ಕಟ್ಟಿರುತ್ತಿತ್ತು. ತೂಗಿದರೆ ದೂರ ಹೋಗುವ, ಎಳೆದರೆ ಮರಳಿ ಬರುವ ಚೆಂಡಿನಲ್ಲಿ ಮಗು ಬಳಿ ದೂರಗಳನ್ನೂ, ಇಲ್ಲದಿರುವಿಕೆ ಮರಳಿಬರುವಿಕೆಗಳನ್ನೂ ಅರಿಯುತ್ತಿತ್ತು. ಎರಡನೆಯದು ಮರದ ಗೋಳ, ಘನ, ಅವೆರಡರ ಗುಣವನ್ನೂ ಹೊತ್ತ ಕೊಳವೆಯಾಕಾರ. ಗೋಳ ಉರುಳುತ್ತದೆ, ಘನ ನಿಲ್ಲುತ್ತದೆ, ಕೊಳವೆ ಉರುಳಲೂ ಬಲ್ಲದು, ನಿಲ್ಲಲೂ ಬಲ್ಲದು. ಮೂರನೆಯದು ಎಂಟು ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಘನ. ನಾಲ್ಕನೆಯದರಲ್ಲಿ ಅದೇ ಘನ ಎಂಟು ಇಟ್ಟಿಗೆಗಳಾಗುತ್ತದೆ. ಐದು ಮತ್ತು ಆರನೆಯವು ಇನ್ನೂ ಸೂಕ್ಷ್ಮವಾಗಿ ಸೀಳಿದವು. ಬರ್ಲಿನ್ನಿನ ಹರಳುಗಳು ಇಲ್ಲಿ ಮಗುವಿನ ಅಂಗೈಗೆ ಬಂದಿದ್ದವು.

ಇವುಗಳನ್ನು ಕೊಡುವ ರೀತಿಯೂ ಗೊತ್ತಾಗಿತ್ತು. ಮರದ ಪೆಟ್ಟಿಗೆಯನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಸರಿಯುವ ಮುಚ್ಚಳವನ್ನು ಎಳೆದು, ಪೆಟ್ಟಿಗೆಯನ್ನು ಮೆಲ್ಲನೆ ಮೇಲೆತ್ತಬೇಕು. ಆಗ ಘನವು ಇಡಿಯಾಗಿ ಮಗುವಿನ ಎದುರು ನಿಲ್ಲುತ್ತದೆ. ಚೂರುಗಳ ರಾಶಿಯನ್ನಲ್ಲ, ಇಡಿಯಾದುದನ್ನು ಮಗು ಮೊದಲು ನೋಡಬೇಕು. ಬಳಿಕ ಅದನ್ನು ಬಿಡಿಸಿ ಕುರ್ಚಿ, ಮೆಟ್ಟಿಲು, ಸೇತುವೆಗಳನ್ನು ಕಟ್ಟಬಹುದು. ಎಣಿಸಿ ಪಾಲು ಮಾಡಬಹುದು. ನಕ್ಷತ್ರದಂತೆ, ಹೂವಿನಂತೆ ಜೋಡಿಸಿ ಚೆಲುವನ್ನು ಕಾಣಬಹುದು. ಯಾವ ತುಂಡನ್ನೂ ಹೊರಗೆ ಬಿಡಬಾರದು, ಕಟ್ಟಿದುದನ್ನು ಕೆಡವದೆ ಇನ್ನೊಂದಾಗಿ ಮಾರ್ಪಡಿಸಬೇಕು, ಆಟ ಮುಗಿದಾಗ ಮತ್ತೆ ಘನವಾಗಿಸಿ ಪೆಟ್ಟಿಗೆಯೊಳಗೆ ಸೇರಿಸಬೇಕು. ಮೇಜಿನ ಮೇಲೆ ಚೌಕಳಿಯ ಗೆರೆಗಳಿದ್ದವು; ತುಂಡುಗಳನ್ನು ಅವುಗಳಿಗೆ ಸರಿಯಾಗಿ ಕೂರಿಸುತ್ತ ಅಳತೆಯೆಂಬುದು ಕೈಗೆ ಬರುತ್ತಿತ್ತು. ಕಾಗದ ಮಡಚುವುದು, ಕಾಗದದ ಪಟ್ಟಿಗಳನ್ನು ಹೆಣೆಯುವುದು, ಕಡ್ಡಿಗಳನ್ನು ಜೋಡಿಸುವುದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕೃತಿ ಕಟ್ಟುವುದು, ಜೇಡಿಮಣ್ಣಿನ ಗೊಂಬೆ ಮಾಡುವುದು, ಇವೆಲ್ಲ ಅವನು ಗೊತ್ತುಮಾಡಿದ ಕೈಗೆಲಸಗಳು.

ಕೋಣೆಯ ಬಾಗಿಲು ತೋಟಕ್ಕೆ ತೆರೆದುಕೊಳ್ಳಬೇಕಿತ್ತು. ತೋಟದ ನಡುವೆ ಪ್ರತಿಯೊಂದು ಮಗುವಿಗೂ ಅದರ ಹೆಸರು ಬರೆದ ಸ್ವಂತ ಪಾತಿ. ಸುತ್ತಲೂ ಎಲ್ಲರಿಗೂ ಸೇರಿದ ಹೂವು ತರಕಾರಿಗಳ ಪಾತಿಗಳು. ತನ್ನ ಪಾತಿಯಲ್ಲಿ ಮಗು ತನಗೆ ಬೇಕಾದುದನ್ನು ಬಿತ್ತಬಹುದು, ನೀರೆರೆಯಲು ಮರೆತರೆ ಅದರ ಫಲವನ್ನೂ ಕಾಣಬಹುದು. ಸುತ್ತಲಿನ ಪಾತಿಯಲ್ಲಿ ಮಾತ್ರ ಎಲ್ಲರೊಡನೆ ಕೂಡಿ ದುಡಿಯಬೇಕು. ಹತ್ತು ಮಂದಿಯ ನಡುವೆ ಒಬ್ಬನಾಗಿ ಬಾಳುವುದನ್ನು ನೀತಿಬೋಧೆಯ ಬದಲು ನೆಲದ ವಿನ್ಯಾಸವೇ ಕಲಿಸುವಂತೆ ಅವನು ಗೆರೆ ಎಳೆದಿದ್ದನು. ಆಪ್ತವಾದ ಕರೆಯನ್ನು ಕಳೆದುಕೊಂಡಿದ್ದ ಹುಡುಗ ಬೆಳೆದು ಮುದುಕನಾಗಿ, ಪ್ರತಿ ಮಗುವಿನ ಹೆಸರನ್ನೂ ಮಣ್ಣಿನಲ್ಲಿ ನಿಲ್ಲಿಸಿದನು.

ಇಂಥ ತಾಣಕ್ಕೆ ತಕ್ಕ ಹೆಸರು ಬಹಳ ದಿನ ಹೊಳೆದಿರಲಿಲ್ಲ. 1840ರ ವಸಂತದಲ್ಲಿ ಗೆಳೆಯರೊಡನೆ ಕೈಲ್‌ಹೌದಿಂದ ಬ್ಲಾಂಕೆನ್‌ಬುರ್ಗಿಗೆ ಬೆಟ್ಟದ ದಾರಿಯಲ್ಲಿ ನಡೆಯುತ್ತಿದ್ದಾಗ, ಕೆಳಗೆ ಹರಡಿದ ಕಣಿವೆಯನ್ನು ನೋಡುತ್ತ ನಿಂತವನಿಗೆ ಕಿಂಡರ್‌ಗಾರ್ಟನ್ ಎಂಬ ಪದ ಸಿಕ್ಕಿತೆಂದೂ, ಅವನ ಹರ್ಷದ ಕೂಗು ಬೆಟ್ಟಗಳಲ್ಲಿ ಮಾರ್ದನಿಗೊಂಡಿತೆಂದೂ ಜತೆಗಿದ್ದವರು ನೆನೆದುಕೊಂಡಿದ್ದಾರೆ. ಆ ವರ್ಷದ ಜೂನ್ 28ರಂದು ಆ ಹೆಸರಿನ ಸಂಸ್ಥೆಯನ್ನು ವಿಧ್ಯುಕ್ತವಾಗಿ ಘೋಷಿಸಲಾಯಿತು. ಹತ್ತು ಥಾಲರ್ ಬೆಲೆಯ ಪಾಲುಪತ್ರಗಳನ್ನು ಕೊಂಡು ನೆರವಾಗಬೇಕೆಂದು ಜರ್ಮನಿಯ ಮಹಿಳೆಯರನ್ನು ಕೇಳಿಕೊಳ್ಳಲಾಯಿತು. ಎಣಿಸಿದಷ್ಟು ಪಾಲುಗಳು ಮಾರಾಟವಾಗಲಿಲ್ಲ. ಹಣವಿಲ್ಲದೆ ಬ್ಲಾಂಕೆನ್‌ಬುರ್ಗಿನ ಮೊದಲ ತೋಟ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಫ್ರೋಬೆಲ್ ಊರೂರು ಸುತ್ತಿದನು. ತಾಯಂದಿರಿಗಾಗಿ ಬೆರಳಾಟದ ಹಾಡುಗಳ ಪುಸ್ತಕವನ್ನು 1844ರಲ್ಲಿ ಹೊರತಂದನು. ಚಿಕ್ಕ ಮಕ್ಕಳನ್ನು ಬೆಳೆಸುವುದು ತರಬೇತಿಯನ್ನು ಬೇಡುವ ವಿದ್ಯೆ, ಆ ವಿದ್ಯೆಗೆ ಹೆಣ್ಣುಮಕ್ಕಳು ಯೋಗ್ಯರು ಎಂದು ಸಾರಿ, ತರುಣಿಯರಿಗೆ ತರಗತಿಗಳನ್ನು ನಡೆಸಿದನು. ಹೆಣ್ಣಿಗೆ ಮನೆಯ ಹೊರಗೆ ಗೌರವದ ಉದ್ಯೋಗಗಳು ತೀರ ಕಡಿಮೆಯಿದ್ದ ಕಾಲವದು. 1849ರಲ್ಲಿ ಲೀಬೆನ್‌ಷ್ಟೈನ್ ಎಂಬ ಊರಿಗೆ ಬಂದು ನೆಲೆಸಿದಾಗ, ಹಳ್ಳಿಯ ಮಕ್ಕಳೊಡನೆ ಕೈಕೈ ಹಿಡಿದು ಬೆಟ್ಟದ ಮೇಲೆ ಕುಣಿಯುವ ಈ ನರೆಗೂದಲಿನವನನ್ನು ಜನ ಹುಚ್ಚನೆಂದು ನಕ್ಕರು. ಆ ಮಾತನ್ನು ಕೇಳಿ ಕುತೂಹಲದಿಂದ ನೋಡಲು ಬಂದ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಕುಲೀನ ಮನೆತನದ ಮಹಿಳೆ ಅವನ ಶಿಷ್ಯೆಯಾದಳು. ಮರುವರ್ಷ ಸಮೀಪದ ಮಾರಿಯೆನ್‌ಟಾಲ್ ಭವನ ತರಬೇತಿಗೆ ದೊರೆಯಿತು. ಎಲ್ಲವೂ ಕೈಗೂಡಿತೆನ್ನುವಾಗ ಸಿಡಿಲು ಬಡಿಯಿತು.

1851ರ ಆಗಸ್ಟ್ 7ರಂದು ಪ್ರಷ್ಯಾದ ಶಿಕ್ಷಣ ಸಚಿವ ಫಾನ್ ರೌಮರ್ ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿದನು. ಅವು ಮಕ್ಕಳಿಗೆ ನಾಸ್ತಿಕತೆಯನ್ನೂ ಸಮಾಜವಾದವನ್ನೂ ಕಲಿಸುವ ವ್ಯವಸ್ಥೆಯ ಭಾಗವೆಂಬುದು ಆರೋಪ. ಆಧಾರವಾಗಿ ತೋರಿಸಿದ್ದು ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಪ್ರಕಟಿಸಿದ್ದ ಒಂದು ಕಿರುಹೊತ್ತಗೆಯನ್ನು. ಒಂದೇ ಮನೆತನದ ಹೆಸರಿನಿಂದಾಗಿ ಒಬ್ಬನ ವಿಚಾರ ಇನ್ನೊಬ್ಬನ ತಲೆಗೆ ಬಂದಿತ್ತು. ಬಾಳೆಲ್ಲ ದೈವಶ್ರದ್ಧೆಯಲ್ಲಿ ನಡೆದ ಪಾದ್ರಿಯ ಮಗನ ಮೇಲೆ ನಾಸ್ತಿಕತೆಯ ಆಪಾದನೆ! ಫ್ರೋಬೆಲ್ ತನ್ನ ಪುಸ್ತಕಗಳನ್ನೂ ವಿವರಣೆಯನ್ನೂ ಒಪ್ಪಿಸಿ, ತಪ್ಪು ತಿಳಿವಳಿಕೆಯಾಗಿದೆಯೆಂದು ತೋರಿಸಿಕೊಟ್ಟನು. ಆಜ್ಞೆ ಬದಲಾಗಲಿಲ್ಲ. 1848ರ ಕ್ರಾಂತಿಯಿಂದ ಬೆದರಿದ್ದ ಸರಕಾರಕ್ಕೆ ಯಾವ ಫ್ರೋಬೆಲ್ ಎಂಬುದು ಅಷ್ಟು ಮುಖ್ಯವಾಗಿರಲಿಲ್ಲ. ಮಕ್ಕಳು ತಾವೇ ಯೋಚಿಸಿ, ತಾವೇ ಮಾಡಿ ಕಲಿಯುವ ಕೋಣೆಯೇ ಅದಕ್ಕೆ ಅಳುಕು ತರುವಂಥದಾಗಿತ್ತು.

ಆ ವರ್ಷವೇ ಅವನು ತನ್ನ ಶಿಷ್ಯೆ ಲೂಯಿಸ್ ಲೆವಿನಳನ್ನು ಮದುವೆಯಾಗಿದ್ದನು. 1852ರ ಏಪ್ರಿಲ್‌ನಲ್ಲಿ ಎಪ್ಪತ್ತು ತುಂಬಿದ ಅವನ ಹುಟ್ಟುಹಬ್ಬವನ್ನು ಮಕ್ಕಳೂ ಶಿಷ್ಯೆಯರೂ ಹೂಗಳೊಡನೆ ಆಚರಿಸಿದರು. ಎರಡು ತಿಂಗಳ ಮೇಲೆ, ಜೂನ್ 21ರಂದು, ಮಾರಿಯೆನ್‌ಟಾಲಿನಲ್ಲಿ ಅವನು ಕಣ್ಮುಚ್ಚಿದನು. ನಿಷೇಧ ಇನ್ನೂ ಜಾರಿಯಲ್ಲಿತ್ತು. ಶ್ವೈನಾ ಊರಿನಲ್ಲಿ ಅವನ ಸಮಾಧಿಯ ಮೇಲೆ ಘನ, ಅದರ ಮೇಲೆ ಕೊಳವೆ, ಅದರ ಮೇಲೆ ಗೋಳ, ಹೀಗೆ ಎರಡನೆಯ ಉಡುಗೊರೆಯನ್ನೇ ಕಲ್ಲಿನಲ್ಲಿ ನಿಲ್ಲಿಸಲಾಯಿತು.

ನಿಷೇಧವು 1860ರಲ್ಲಿ ರದ್ದಾಯಿತು. ಅದಕ್ಕೆ ಮಾರೆನ್‌ಹೋಲ್ಟ್ಸ್-ಬ್ಯೂಲೋ ವರ್ಷಗಟ್ಟಲೆ ಪಟ್ಟ ಶ್ರಮ ಕಾರಣವಾಗಿತ್ತು. ಅಷ್ಟರಲ್ಲಿ ತೋಟದ ಬೀಜಗಳು ಗಡಿ ದಾಟಿದ್ದವು. ಅವನ ಪಾಠಗಳನ್ನು ಕೇಳಿದ್ದ ಮಾರ್ಗರೆಟೆ ಶುರ್ತ್ಸ್ 1856ರಲ್ಲಿ ಅಮೆರಿಕದ ವಾಟರ್‌ಟೌನ್ ಊರಿನ ತನ್ನ ಮನೆಯಲ್ಲಿಯೇ ಜರ್ಮನ್ ನುಡಿಯ ಕೆಲವು ಮಕ್ಕಳಿಗೆ ಕಿಂಡರ್‌ಗಾರ್ಟನ್ ತೆರೆದಳು. ಅದು ಆ ದೇಶದ ಮೊದಲನೆಯದು. ಹುಟ್ಟುನಾಡಿನಿಂದ ದೂರವಿದ್ದ ಕುಟುಂಬಗಳ ಮಕ್ಕಳು ಅಲ್ಲಿ ತಾಯ್ನುಡಿಯಲ್ಲಿ ಆಡಿದರು. 1873ರಲ್ಲಿ ಸೇಂಟ್ ಲೂಯಿಸ್ ನಗರದ ಸಾರ್ವಜನಿಕ ಶಾಲೆಯೊಳಗೆ ಸೂಸನ್ ಬ್ಲೋ ಕಿಂಡರ್‌ಗಾರ್ಟನ್ ಆರಂಭಿಸಿದಳು. 1876ರಲ್ಲಿ ಜಪಾನಿನ ಟೋಕಿಯೊದಲ್ಲಿಯೂ ಒಂದು ತೆರೆಯಿತು. ಅದೇ ವರ್ಷ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಉಡುಗೊರೆಗಳನ್ನು ಕಂಡ ಒಬ್ಬ ತಾಯಿ ಅವುಗಳನ್ನು ತನ್ನ ಮಗನಿಗಾಗಿ ಕೊಂಡಳು. ಆ ಮಗನೇ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್; ಆ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಲ್ಲಿ ಉಳಿದುಬಂದುದನ್ನು ಅವನು ಇಳಿವಯಸ್ಸಿನಲ್ಲಿಯೂ ನೆನೆದನು.

ಫ್ರೋಬೆಲ್‌ನ ವಿಧಾನದಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಅವನ ಬರಹದ ಶೈಲಿ ತೊಡಕಿನದು. ಘನ ಗೋಳಗಳಿಗೆ ಅವನು ಹೊರಿಸಿದ ಅಧ್ಯಾತ್ಮದ ಅರ್ಥಗಳು ಮಗುವಿಗಿಂತ ಅವನಿಗೇ ಹೆಚ್ಚು ಬೇಕಾಗಿದ್ದವು. ಅವನ ಅನುಯಾಯಿಗಳಲ್ಲಿ ಹಲವರು ಉಡುಗೊರೆಗಳ ಕ್ರಮವನ್ನು ಕವಾಯತಿನಂತೆ ಮಾಡಿ, ಆಟವನ್ನೇ ಆಜ್ಞೆಯಾಗಿಸಿದರು. ಮುಂದಿನ ತಲೆಮಾರಿನ ಮಾಂಟೆಸ್ಸರಿ ಮೊದಲಾದವರು ಬೇರೆ ದಾರಿ ಹಿಡಿದರು. ಆದರೂ ಮಗು ಬರುವ ಮೊದಲೇ ಅದಕ್ಕಾಗಿ ನೆಲ ಹಸನಾಗಿರಬೇಕು, ಅಲ್ಲಿನ ಪ್ರತಿ ವಸ್ತುವಿಗೂ ಒಂದು ಕಾರಣವಿರಬೇಕು, ಆಟವೆಂಬುದು ಕಲಿಕೆಗೆ ಅಡ್ಡಿಯಲ್ಲ, ಅದೇ ಕಲಿಕೆ ಎಂಬ ಅವನ ಮೂಲ ಅರಿವನ್ನು ಅವರಾರೂ ಬಿಟ್ಟುಕೊಡಲಿಲ್ಲ.

ಬಾಲವಾಡಿ ಎಂಬ ಪದದಲ್ಲಿರುವ ವಾಡಿಗೆ ಮರಾಠಿಯಲ್ಲಿ ಕೇರಿ ಎಂಬ ಅರ್ಥವಿರುವಂತೆ ತೋಟವೆಂಬ ಅರ್ಥವೂ ಇದೆ. ಥುರಿಂಗಿಯಾದ ಬೆಟ್ಟದ ದಾರಿಯಲ್ಲಿ ಹೊಳೆದ ಹೆಸರು ಗಡಿಯ ಈ ಊರುಗಳ ಬಾಗಿಲ ಹಲಗೆಯ ಮೇಲೆ ನಮ್ಮ ಮಾತಿನಲ್ಲಿಯೇ ನಿಂತಿದೆ. ಒಳಗೆ ಗೂಡಿನಲ್ಲಿ ಮರದ ತುಂಡುಗಳ ಪೆಟ್ಟಿಗೆಯಿದೆ. ಹೊರಗೆ ಅಂಗಳದಲ್ಲಿ ಮಗುವಿಗೊಂದರಂತೆ ಗೇಣಗಲದ ಪಾತಿಗೂ, ಅದರಲ್ಲಿ ಹೆಸರಿನ ಚೀಟಿ ನೆಡುವುದಕ್ಕೂ ಜಾಗ ಸಾಕಷ್ಟಿದೆ. ಜೂನ್ ತಿಂಗಳ ಮಳೆಗೆ ಮಣ್ಣು ಹದವಾಗಿರುತ್ತದೆ.